ಕಿವಿಯಲ್ಲಿ ಕೂತವನಿಗೆ ಉಮ್ಮನ ಬಾಸೆ ಗೊತ್ತಿಲ್ಲ

ಗಲ್ಫ್‌ನಿಂದ ರಜೆಯಲ್ಲಿ ಬಂದವರ ಸೂಟ್‌ಕೇಸ್ ಬಿಚ್ಚುವುದು ನಮ್ಮ ಬ್ಯಾರಿ ಮನೆಗಳಲ್ಲಿ ಈಗಲೂ ಒಂದು ಕಾರ್ಯಕ್ರಮವೇ. ನಾನು ಸಣ್ಣವಳಿದ್ದಾಗ ಉಪ್ಪನ ಪೆಟ್ಟಿಗೆಯಿಂದ ಟೂ ಇನ್ ವನ್ ಬಂದಿತ್ತು. ಅದನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಡಬೇಕಿತ್ತು. ನೆರೆಕರೆಯವರೆಲ್ಲ ನೋಡಲು ಬಂದಿದ್ದರು. ಕಳೆದ ವರ್ಷ ಮಳೆಗಾಲದ ಮೊದಲು ಶಾರ್ಜಾದಿಂದ ಬಂದ ನನ್ನ ತಮ್ಮ, ಸಾಬೂನು, ಬಾದಾಮಿ, ಹಾಲಿನ ಪುಡಿಯ ನಡುವಿನಿಂದ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಬಿಳಿ ಡಬ್ಬಿಯೊಂದನ್ನು ತೆಗೆದು ನನ್ನ ಮಗಳ ಕೈಗೆ ಕೊಟ್ಟ. ಮುಚ್ಚಳ ತೆರೆದರೆ ಒಳಗೆ ಗೇರುಬೀಜದಷ್ಟು ದೊಡ್ಡ ಎರಡು ವಸ್ತು. "ಇದಕ್ಕೆ ಮಾತು ಅರ್ಥ ಆಗ್ತದೆ. ನೀನು ಹೇಳಿದ್ದನ್ನು ಕೇಳ್ತದೆ" ಎಂದ.

ಉಮ್ಮ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. "ಹೇಳಿದ್ದು ಕೇಳುವವರು ಈ ಮನೆಗೆ ಒಬ್ಬರಾದರೂ ಬಂದ್ರಲ್ಲ" ಎಂದರು. ನಾವೆಲ್ಲ ನಕ್ಕೆವು. ಆ ಮಾತು ನನಗೆ ಮತ್ತೆ ನೆನಪಾದದ್ದು ಆಟಿ ತಿಂಗಳ ಒಂದು ಸಂಜೆ. ಆಗ ನಗು ಬರಲಿಲ್ಲ.

ನಾವಿರುವುದು ಮಣಿಪಾಲದ ಈಶ್ವರನಗರದಲ್ಲಿ, ಬಾಡಿಗೆ ಮನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆಯವರದ್ದು ಮೊಬೈಲ್ ಬಿಡಿಭಾಗಗಳ ಸಣ್ಣ ಅಂಗಡಿ. ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಉಮ್ಮನ ತವರು ಕಾಪುವಿನ ಹತ್ತಿರ ಮೂಳೂರು. ಉಪ್ಪ ತೀರಿಹೋದ ಮೇಲೆ ನಮ್ಮ ಜೊತೆ ಇದ್ದಾರೆ, ವಯಸ್ಸು 72. ಅವರಿಗೆ ಬರುವುದು ಬ್ಯಾರಿ ಮತ್ತು ತುಳು. ಕನ್ನಡ ಅರ್ಥವಾಗುತ್ತದೆ, ಮಾತಾಡಲು ಸಂಕೋಚ.

ಡಬ್ಬಿಯ ಒಳಗೆ ಯಾರಿದ್ದಾರೆ?

ಮಣಿಪಾಲದವರಿಗೆ ಇಯರ್‌ಬಡ್ ಹೊಸತಲ್ಲ. ಸಂಜೆ ಟೈಗರ್ ಸರ್ಕಲ್‌ನಲ್ಲಿ ಐದು ನಿಮಿಷ ನಿಂತರೆ ಸಾಕು, ದೇಶದ ಎಲ್ಲ ಕಡೆಯ ಮಕ್ಕಳು, ಎಲ್ಲರ ಕಿವಿಯಲ್ಲೂ ಒಂದು ಬಿಳಿ ಅಥವಾ ಕಪ್ಪು ಮೊಳಕೆ. ವಯರ್ ಇಲ್ಲದ ಇಯರ್‌ಬಡ್ ಜನಪ್ರಿಯವಾದದ್ದು 2016ರ ಕೊನೆಗೆ ಆಪಲ್ ಕಂಪೆನಿಯ ಏರ್‌ಪಾಡ್ಸ್ ಮಾರುಕಟ್ಟೆಗೆ ಬಂದ ಮೇಲೆ. ಆಗ ಅದು ದೊಡ್ಡವರ ಮನೆಯ ವಸ್ತು. ಈಗ ನಮ್ಮ ಅಂಗಡಿಯಲ್ಲಿ ಸಾವಿರ ರೂಪಾಯಿಯ ಒಳಗೂ ಸಿಗುತ್ತದೆ. ಮನೆಯವರು ಹೇಳುವ ಪ್ರಕಾರ ಹೊಸ ಬಡ್ಸ್ ಕೇಳಿಕೊಂಡು ಬರುವವರಷ್ಟೇ, "ಅಣ್ಣಾ, ಒಂದೇ ಬದಿಯದ್ದು ಸಿಗ್ತದಾ?" ಎಂದು ಕೇಳುವವರೂ ಇದ್ದಾರೆ. ಬಸ್ ಹತ್ತುವಾಗ, ಹೆಲ್ಮೆಟ್ ತೆಗೆಯುವಾಗ ಒಂದು ಬಿದ್ದುಹೋಗಿರುತ್ತದೆ. ಐದು ಗ್ರಾಮಿನಷ್ಟು ತೂಕದ ವಸ್ತು, ಮಳೆನೀರಿನ ಚರಂಡಿಗೆ ಬಿದ್ದರೆ ಮತ್ತೆ ಕಾಣುವುದುಂಟಾ?

ಪೆಟ್ಟಿಗೆಯ ಮೇಲೆ 'ವಾಯ್ಸ್ ಅಸಿಸ್ಟೆಂಟ್ ಉಂಟು' ಎಂದು ಬರೆದಿರುತ್ತದೆ. ಹೆಚ್ಚಿನವರು ತಿಳಿದುಕೊಳ್ಳುವುದು ಆ ಮಾತಾಡುವವನು ಬಡ್‌ನ ಒಳಗೇ ಕೂತಿದ್ದಾನೆ ಎಂದು. ಹಾಗಲ್ಲ. ಬಡ್‌ನಲ್ಲಿರುವುದು ಒಂದು ಸಣ್ಣ ಮೈಕ್, ಒಂದು ಸಣ್ಣ ಸ್ಪೀಕರ್, ಬ್ಯಾಟರಿ ಮತ್ತು ಒಂದು ಚಿಪ್. ನಾವು ಕರೆದ ಮಾತು ಬ್ಲೂಟೂತ್ ಮೂಲಕ ಜೇಬಿನಲ್ಲಿರುವ ಫೋನಿಗೆ ಹೋಗುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಇಂಟರ್ನೆಟ್ ಮೂಲಕ ಕಂಪೆನಿಯ ದೊಡ್ಡ ಕಂಪ್ಯೂಟರಿಗೆ ಹೋಗಿ, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಫೋನ್ ಹತ್ತು ಮೀಟರಿಗಿಂತ ದೂರ ಇದ್ದರೆ, ಅಥವಾ ನೆಟ್ ಹೋದರೆ, ಕಿವಿಯಲ್ಲಿರುವ ಜಾಣ ಮೂಕನಾಗುತ್ತಾನೆ. ಅವನನ್ನು ಎಬ್ಬಿಸಲು ಒಂದು ಹೆಸರು ಹಿಡಿದು ಕರೆಯಬೇಕು, ಇಲ್ಲವೇ ಬಡ್ ಅನ್ನು ಒತ್ತಿ ಹಿಡಿಯಬೇಕು. ಹೆಸರು ಹಿಡಿದು ಕರೆಯುವ ವ್ಯವಸ್ಥೆ ಇದ್ದರೆ, ಆ ಒಂದು ಹೆಸರಿಗಾಗಿ ಮೈಕ್ ಯಾವಾಗಲೂ ಕಿವಿ ತೆರೆದುಕೊಂಡೇ ಇರುತ್ತದೆ ಎಂಬುದನ್ನೂ ಮರೆಯಬಾರದು. ಮನೆಯ ಗುಟ್ಟಿನ ಮಾತು ಆಡುವಾಗ ಅದನ್ನು ಆಫ್ ಮಾಡುವುದು ಒಳ್ಳೆಯದು. ಹಿಂದೆ ಹೇಳಿದ್ದನ್ನು ಅಳಿಸುವ ಅವಕಾಶ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ.

ಉಪಯೋಗ ಇಲ್ಲವೆಂದು ನಾನು ಹೇಳುವುದಿಲ್ಲ. ಮಗಳು ಕಾಲೇಜಿಗೆ ಹೋದ ದಿನ ಅವಳ ಹಳೆಯ ಜೋಡಿಯನ್ನು ನಾನೂ ಹಾಕಿಕೊಳ್ಳುತ್ತೇನೆ. ಬಂಗುಡೆ ತೊಳೆಯುತ್ತಿರುವಾಗ ಫೋನ್ ಬಂದರೆ ಕೈ ಒರೆಸಿಕೊಂಡು ಓಡಬೇಕಾಗಿಲ್ಲ. ಕಿವಿಗೆ ಎತ್ತಿದ ಮೊಣಕೈ ಸಾಕು. ಪುಂಡಿ ಬೇಯಲು ಇಟ್ಟು "ಇಪ್ಪತ್ತು ನಿಮಿಷ ಆದಾಗ ಹೇಳು" ಎಂದರೆ ಹೇಳುತ್ತದೆ. ಉತ್ತರ ಪತ್ರಿಕೆ ತಿದ್ದುವಾಗ ಅಂಕ ಕೂಡಿಸಲು ಕೇಳಿದ್ದೂ ಉಂಟು. ಮನೆಯವರು ಅಂಗಡಿಯಲ್ಲಿ ಎರಡೂ ಕೈಯಲ್ಲಿ ಕೆಲಸ ಇರುವಾಗ ಗಿರಾಕಿಗಳ ಮೆಸೇಜ್ ಓದಿಸಿಕೊಳ್ಳುತ್ತಾರೆ. ಕಣ್ಣಿನ ತೊಂದರೆ ಇರುವವರಿಗೆ ಇದು ಎಷ್ಟು ದೊಡ್ಡ ಆಧಾರ ಎಂದು ಬೇರೆ ಹೇಳಬೇಕಾಗಿಲ್ಲ.

'ಇಂದು ಮಳೆ ಬರುತ್ತದೆಯೇ?'

ತಮಾಷೆ ಶುರುವಾದದ್ದು ಭಾಷೆಯಿಂದ. ಮಗಳು ಮೊದಲು ಇಂಗ್ಲಿಷಿನಲ್ಲಿ ಇಟ್ಟಿದ್ದಳು. ನಾನು ಕನ್ನಡ ಟೀಚರ್, ಬಿಡುತ್ತೇನಾ? ಕನ್ನಡಕ್ಕೆ ಬದಲಾಯಿಸಲು ಹೇಳಿದೆ. "ಇವತ್ತು ಮಳೆ ಉಂಟಾ?" ಎಂದು ಕೇಳಿದಳು. ಅದು ಏನೇನೋ ಹೇಳಿತು. "ಇಂದು ಮಳೆ ಬರುತ್ತದೆಯೇ?" ಎಂದು ಕೇಳಿದಾಗ ಸರಿಯಾಗಿ ಉತ್ತರ ಬಂತು. ಅಂದಿನಿಂದ ನನ್ನ ಮಗಳು ಯಂತ್ರದ ಜೊತೆ ಮಾತಾಡುವಾಗ ನನ್ನ ಹತ್ತನೇ ತರಗತಿಯ ಮಕ್ಕಳು ಪರೀಕ್ಷೆಯಲ್ಲೂ ಬರೆಯದಂಥ ಪುಸ್ತಕದ ಕನ್ನಡ ಮಾತಾಡುತ್ತಾಳೆ. ನಮ್ಮ 'ಎಂತ', 'ಉಂಟು', 'ಹೋಗುದು' ಎಲ್ಲ ಬಾಗಿಲ ಹೊರಗೆ.

ಬ್ಯಾರಿಯ ಕಥೆ ಇದಕ್ಕಿಂತ ಕಷ್ಟ. ಬ್ಯಾರಿ ಮಲಯಾಳಕ್ಕೆ ಹತ್ತಿರ ಅಲ್ವಾ ಎಂದು ಒಂದು ದಿನ ಮಗಳು ಭಾಷೆಯನ್ನು ಮಲಯಾಳಕ್ಕೆ ಇಟ್ಟಳು. ಆದರೆ ಮಲಯಾಳದಲ್ಲಿ 'ವ' ಬರುವ ಎಷ್ಟೋ ಕಡೆ ನಮ್ಮ ನಾಲಿಗೆ 'ಬ' ಹಿಡಿಯುತ್ತದೆ. ಅವರ 'ವಾಳ' ನಮ್ಮಲ್ಲಿ 'ಬಾಲೆ'. 'ಳ' ನಮ್ಮಲ್ಲಿ 'ಲ' ಆಗುತ್ತದೆ, 'ಣ' 'ನ' ಆಗುತ್ತದೆ. ಅದರ ಮೇಲೆ ತುಳು, ಕನ್ನಡ, ಅರಬಿ ಶಬ್ದಗಳು ಬೇರೆ. ಉಮ್ಮ ಒಂದು ವಾಕ್ಯ ಹೇಳಿದರು. ಫೋನಿನ ಪರದೆಯ ಮೇಲೆ ಮೂಡಿದ ಮಲಯಾಳ ವಾಕ್ಯವನ್ನು ಕಾಸರಗೋಡಿನ ನಮ್ಮ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. "ಟೀಚರ್, ಇದರಲ್ಲಿ ಎಲ್ಲ ಶಬ್ದ ಉಂಟು, ಅರ್ಥ ಮಾತ್ರ ಇಲ್ಲ" ಎಂದರು.

ವಾಟ್ಸ್‌ಆ್ಯಪ್ ಓದಿಸಿದರೆ ಮತ್ತೂ ಮಜಾ. ನಮ್ಮ ಕುಟುಂಬದ ಗ್ರೂಪಿನಲ್ಲಿ ಹೆಚ್ಚಿನವರು ಬ್ಯಾರಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಅದನ್ನು ಅಸಿಸ್ಟೆಂಟ್ ಇಂಗ್ಲಿಷ್ ಎಂದುಕೊಂಡು ಲಂಡನ್ನಿನ ದೊರೆಯ ಹಾಗೆ ಓದುತ್ತದೆ. ಮದುವೆಯ ಮಾತುಕತೆಯ ಗಂಭೀರ ಮೆಸೇಜ್ ಒಂದನ್ನು ಅದು ಓದಿದ ರೀತಿಗೆ ಮನೆಯವರು ಅಂಗಡಿಯಲ್ಲಿ ಗಿರಾಕಿಯ ಎದುರೇ ನಕ್ಕು, ಆಮೇಲೆ ಕ್ಷಮೆ ಕೇಳಬೇಕಾಯಿತು.

ಇದಕ್ಕೆ ಯಂತ್ರವನ್ನು ಮಾತ್ರ ದೂರುವ ಹಾಗಿಲ್ಲ. ಯಂತ್ರ ಭಾಷೆ ಕಲಿಯುವುದು ವ್ಯಾಕರಣದ ಪುಸ್ತಕ ಓದಿ ಅಲ್ಲ, ಮಕ್ಕಳ ಹಾಗೆ ಕೇಳಿ ಕೇಳಿ. ಆದರೆ ಮಗುವಿಗೆ ಒಂದು ಮನೆಯ ಮಾತು ಸಾಕು, ಯಂತ್ರಕ್ಕೆ ಸಾವಿರಾರು ಜನರ, ಸಾವಿರಾರು ಗಂಟೆಗಳ ಮಾತು ಬೇಕು. ಜೊತೆಗೆ ಆ ಮಾತು ಏನೆಂದು ಬರೆದೂ ಕೊಡಬೇಕು. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸುವ ಸೌಲಭ್ಯ ಗೂಗಲ್‌ನಲ್ಲಿ ಬಂದದ್ದೇ 2017ರಲ್ಲಿ. ತುಳು ಗೂಗಲ್ ಅನುವಾದದ ಪಟ್ಟಿಗೆ ಸೇರಿದ್ದು 2024ರ ಜೂನ್‌ನಲ್ಲಿ, ಒಟ್ಟಿಗೆ ಸೇರಿದ 110 ಭಾಷೆಗಳಲ್ಲಿ ಒಂದಾಗಿ. ಆ ದಿನ ಉಡುಪಿ, ಮಂಗಳೂರಿನ ಎಷ್ಟು ಜನ ಸ್ಟೇಟಸ್ ಹಾಕಿದ್ದರು! ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ 'ಭಾಷಿಣಿ' ಯೋಜನೆಯ ಮೊದಲ ಗಮನ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ಮೇಲೆ. ತುಳುವೂ ಬ್ಯಾರಿಯೂ ಆ ಪಟ್ಟಿಯಲ್ಲಿಲ್ಲ.

ನಮ್ಮ ಬಾಸೆಗೆ ಮರ್ಯಾದೆ ಸಿಕ್ಕಿಲ್ಲವೆಂದಲ್ಲ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಸ್ಥಾಪನೆಯಾಯಿತು. ಅದರ ನೆನಪಿಗೆ ಅಕ್ಟೋಬರ್ 3 ಬ್ಯಾರಿ ಭಾಷಾ ದಿನ. ಸುವೀರನ್ ನಿರ್ದೇಶನದ 'ಬ್ಯಾರಿ' ಚಿತ್ರ 2011ರ ಸಾಲಿನ ಅತ್ಯುತ್ತಮ ಚಿತ್ರಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. 2020ರಲ್ಲಿ ಅಕಾಡೆಮಿ ಬ್ಯಾರಿಗೆ ಒಂದು ಲಿಪಿಯನ್ನೂ ಹೊರತಂದಿತು. ಆದರೆ ಕಿವಿಯಲ್ಲಿ ಕೂತ ಯಂತ್ರಕ್ಕೆ ಪ್ರಶಸ್ತಿಯೂ ಲಿಪಿಯೂ ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾದದ್ದು ದಿನನಿತ್ಯದ ಮಾತು, ಅದೂ ರಾಶಿ ರಾಶಿ.

ಸಲಾಂಗೆ ಉತ್ತರವಿಲ್ಲ

ಬಡ್ಸ್ ಬಂದ ಮೇಲೆ ಮನೆಯಲ್ಲಿ ಮೊದಲು ಕಡಿಮೆಯಾದದ್ದು ಜಗಳ. ನನಗೆ ಅದು ಒಳ್ಳೆಯ ಲಕ್ಷಣ ಎಂದೇ ಕಂಡಿತ್ತು. ಮಗಳ ಕೋಣೆಯಿಂದ ಹಾಡಿನ ಗಲಾಟೆ ಇಲ್ಲ, ಪಾಠದ ವಿಡಿಯೊದ ಶಬ್ದ ಇಲ್ಲ. ಮನೆ ತಣ್ಣಗೆ. ಆಮೇಲೆ ಒಂದೊಂದೇ ಗಮನಕ್ಕೆ ಬಂತು. ಊಟಕ್ಕೆ ಕರೆದರೆ ಮೂರನೇ ಸಲಕ್ಕೆ "ಹಾಂ?" ಎನ್ನುವುದು. ಬಾಗಿಲು ಬಡಿದವರು ವಾಪಸ್ ಹೋಗುವುದು. ಉಮ್ಮ ಹಳೆಯ ಕಥೆ ಶುರು ಮಾಡಿದರೆ ಅವಳ ತಲೆ ಆಡುತ್ತಿರುತ್ತಿತ್ತು, ಆದರೆ ಅದು ಕಥೆಗಲ್ಲ, ಕಿವಿಯೊಳಗಿನ ಹಾಡಿಗೆ.

ಒಂದು ಶುಕ್ರವಾರ ಕಾಪುವಿನಿಂದ ಬಂದ ಹಿರಿಯ ಸಂಬಂಧಿಯೊಬ್ಬರು ಜಗಲಿಯಲ್ಲಿ ಕೂತಿದ್ದ ಅವಳಿಗೆ ಸಲಾಂ ಹೇಳಿದರು. ಉತ್ತರ ಬರಲಿಲ್ಲ. ಅವರು ಮತ್ತೊಮ್ಮೆ ಹೇಳಿ, ಸುಮ್ಮನೆ ಒಳಗೆ ಬಂದರು. ಸಲಾಂ ಹೇಳುವುದು ಸುನ್ನತ್, ಉತ್ತರ ಕೊಡುವುದು ಕಡ್ಡಾಯ ಎಂದು ಮದ್ರಸದಲ್ಲಿ ಕಲಿತ ಹುಡುಗಿ ಅವಳು. ಉತ್ತರ ಕೊಡಬಾರದೆಂದು ಇದ್ದದ್ದಲ್ಲ, ಸಲಾಂ ಅವಳ ತನಕ ತಲುಪಲೇ ಇಲ್ಲ. ಚಾ ಕುಡಿಯುತ್ತ ಅವರು, "ಈಗಿನ ಮಕ್ಕಳಿಗೆ ಕಿವಿಯಲ್ಲಿ ಬೀಗ ಉಂಟು ಮಾರಾಯ್ತಿ" ಎಂದರು. ನನ್ನ ಮುಖ ಸಣ್ಣದಾಯಿತು.

ಆ ಬೀಗದ ಹೆಸರು ನಾಯ್ಸ್ ಕ್ಯಾನ್ಸಲೇಶನ್. ಬಡ್‌ನ ಹೊರಮೈಯಲ್ಲಿರುವ ಮೈಕ್ ಹೊರಗಿನ ಶಬ್ದವನ್ನು ಹಿಡಿದು, ಅದರ ತದ್ವಿರುದ್ಧ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಫ್ಯಾನ್, ಬಸ್ಸಿನ ಇಂಜಿನ್, ಮಿಕ್ಸಿಯಂಥ ಒಂದೇ ಸಮನೆ ಬರುವ ಶಬ್ದಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮನುಷ್ಯರ ಕೂಗನ್ನು ಅದು ಪೂರ್ತಿ ಅಳಿಸುವುದಿಲ್ಲ. ಆದರೆ ಕಿವಿಯ ತೂತನ್ನು ರಬ್ಬರ್ ಮುಚ್ಚಿರುತ್ತದೆ, ಒಳಗೆ ಬೇರೆ ಮಾತು ನಡೆಯುತ್ತಿರುತ್ತದೆ. ದೂರದ ಕೂಗು ಅದರ ಅಡಿಯಲ್ಲಿ ಮುಳುಗಿಹೋಗುತ್ತದೆ.

ಆಟಿ ತಿಂಗಳ ಆ ಸಂಜೆ ಆದದ್ದು ಅದೇ. ನಾನು ಶಾಲೆಯಲ್ಲಿ, ಮನೆಯವರು ಅಂಗಡಿಯಲ್ಲಿ. ಮಗಳು ಕೋಣೆಯ ಬಾಗಿಲು ಹಾಕಿ, ಬಡ್ಸ್ ಹಾಕಿಕೊಂಡು ಪರೀಕ್ಷೆಗೆ ಪಾಠದ ವಿಡಿಯೊ ನೋಡುತ್ತಿದ್ದಳು. ಮಳೆ ಜೋರಾಯಿತೆಂದು ಉಮ್ಮ ಹಿಂದಿನ ಜಗಲಿಯಲ್ಲಿ ಒಣಗಲು ಹಾಕಿದ್ದ ಬಟ್ಟೆ ತೆಗೆಯಲು ಹೋದರು. ಮೆಟ್ಟಿಲಿನಲ್ಲಿ ಪಾಚಿ. ಕಾಲು ಜಾರಿ ಬಿದ್ದರು. ಬಲಗೈ ಅಡಿಗೆ ಬಿತ್ತು.

"ಮೋಲೆ, ಮೋಲೆ" ಎಂದು ಕರೆದರಂತೆ. ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ. ಉತ್ತರ ಬರದಿದ್ದಾಗ ಅವರಿಗೆ ಅಡುಗೆಮನೆಯ ಕಿಟಕಿಯಲ್ಲಿದ್ದ ಫೋನ್ ನೆನಪಾಯಿತು. ತಮ್ಮ ಶಾರ್ಜಾದಿಂದ ವಿಡಿಯೊ ಕಾಲ್ ಮಾಡುವಾಗ ಉಮ್ಮನಿಗೆಂದೇ ಇಟ್ಟ ಹಳೆಯ ಫೋನ್ ಅದು. ಮೊಮ್ಮಗಳು ಯಂತ್ರವನ್ನು ಹೆಸರು ಹಿಡಿದು ಕರೆಯುವುದನ್ನು ದಿನಾ ಕೇಳಿದ್ದರಲ್ಲ, ಕೂತಲ್ಲಿಂದಲೇ ಅದೇ ಹೆಸರು ಕೂಗಿದರು. ಫೋನ್ ಎಚ್ಚರಾಯಿತು. ಉಮ್ಮ ಬ್ಯಾರಿಯಲ್ಲಿ, ನನ್ನ ಮಗಳಿಗೆ ಫೋನ್ ಮಾಡು, ನಾನು ಬಿದ್ದಿದ್ದೇನೆ ಎಂದರು. ಅದು ಇಂಗ್ಲಿಷಿನಲ್ಲಿ ಏನೋ ಹೇಳಿತು. ಮತ್ತೊಮ್ಮೆ ಹೇಳಿದರು. ಮತ್ತೆ ಅದೇ ಉತ್ತರ.

ಐದು ಗಂಟೆಗೆ ನಾನು ಬಂದಾಗ ಉಮ್ಮ ಮೆಟ್ಟಿಲಿನ ಮೇಲೆ ಕೈ ಎದೆಗೊತ್ತಿಕೊಂಡು ಕೂತಿದ್ದರು. ಸೀರೆಯ ಅಂಚು ಒದ್ದೆ. ಸುಮಾರು ಅರ್ಧ ಗಂಟೆ ಆಗಿರಬೇಕು. ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುವಾಗ ಅವರು ನೋವಿನ ಮಾತು ಹೇಳಲಿಲ್ಲ. "ಅದಕ್ಕೆ ನಾನು ಹೇಳಿದ್ದು ಕೇಳಿತು. ಉತ್ತರವೂ ಕೊಟ್ಟಿತು. ಎಂತ ಹೇಳಿತೋ ನನಗೆ ಗೊತ್ತಾಗಲಿಲ್ಲ" ಎಂದರು. ಪಕ್ಕದಲ್ಲಿ ಕೂತಿದ್ದ ಮಗಳು ದಾರಿಯುದ್ದಕ್ಕೂ ಅಳುತ್ತಿದ್ದಳು.

ಮೊಮ್ಮಗಳಿಗೆ ಬಾಸೆ ಗೊತ್ತಿತ್ತು, ಕಿವಿ ಮುಚ್ಚಿತ್ತು. ಯಂತ್ರದ ಕಿವಿ ತೆರೆದಿತ್ತು, ಬಾಸೆ ಗೊತ್ತಿರಲಿಲ್ಲ. ನಡುವೆ ಉಮ್ಮ ಮಳೆಯಲ್ಲಿ ಕೂತಿದ್ದರು. ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ.

ಕೇಳ್ತದೆ, ಆದರೆ ಗೊತ್ತಾಗುದಿಲ್ಲ

ಮಣಿಕಟ್ಟಿನ ಎಲುಬಿನಲ್ಲಿ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ಅಲ್ಲಾಹನ ದಯೆ, ಅಷ್ಟಕ್ಕೇ ಮುಗಿಯಿತು. ಆದರೆ ಪ್ರಶ್ನೆಗೆ ಉಮ್ಮ ಸಂಬಂಧವಿಲ್ಲದ ಉತ್ತರ ಕೊಡುವುದನ್ನು ನೋಡಿದ ವೈದ್ಯರು ಕಿವಿಯನ್ನೂ ಪರೀಕ್ಷೆ ಮಾಡಿಸಲು ಹೇಳಿದರು. ಟಿವಿಯ ಶಬ್ದ ಜೋರು ಮಾಡುವುದು, ಮಕ್ಕಳ ಮಾತು ತಿಳಿಯದೆ ಸುಮ್ಮನೆ ನಗುವುದು, ಇದನ್ನೆಲ್ಲ ನಾವು ವಯಸ್ಸಿನ ಖಾತೆಗೆ ಹಾಕಿ ಬಿಟ್ಟಿದ್ದೆವು.

ಪರೀಕ್ಷೆ ಮಾಡಿದವರು ವಿವರಿಸಿದ್ದು ನನಗೆ ಹೊಸ ವಿಷಯ. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ, ಕೀರಲು ಶ್ರುತಿಯ ಶಬ್ದಗಳು. ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಗಂಡಸರ ದಪ್ಪ ದನಿ ತಿಳಿಯುತ್ತದೆ, ಮಕ್ಕಳ ಸಣ್ಣ ದನಿ ತಿಳಿಯುವುದಿಲ್ಲ. ಹಾಗಾಗಿ ಹಿರಿಯರು "ಕೇಳ್ತದೆ, ಆದರೆ ಎಂತ ಹೇಳಿದ್ದು ಗೊತ್ತಾಗುದಿಲ್ಲ" ಎನ್ನುವುದು. ಅದು ಹಟವೂ ಅಲ್ಲ, ಮರೆವೂ ಅಲ್ಲ. ನಾವು ಜೋರಾಗಿ ಕಿರುಚಿದರೆ ಅವರಿಗೆ ನಮ್ಮ ಸಿಟ್ಟು ಮಾತ್ರ ಕೇಳಿಸುತ್ತದೆ. ಎದುರು ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಬೇಕು.

ಹಿಯರಿಂಗ್ ಏಡ್ ಎಂದಾಗ ಉಮ್ಮ ಒಪ್ಪಲಿಲ್ಲ. "ಕಿವುಡಿ ಅಂತ ಹೇಳ್ತಾರೆ" ಎಂದರು. ಮಗಳು ಮೆಲ್ಲನೆ ತನ್ನ ಒಂದು ಬಡ್ ತೆಗೆದು ಅವರ ಕಿವಿಗೆ ಇಟ್ಟು ತಮ್ಮನಿಗೆ ಕಾಲ್ ಹಚ್ಚಿದಳು. ದನಿ ನೇರ ಕಿವಿಯೊಳಗೆ. ಉಮ್ಮನ ಕಣ್ಣು ಅರಳಿತು. "ಇವನು ಪಕ್ಕದ ಕೋಣೆಯಿಂದ ಮಾತಾಡುದಾ?" ಎಂದು ಕೇಳಿದರು. ಕಾಲೇಜಿನ ಎಲ್ಲ ಮಕ್ಕಳೂ ಕಿವಿಯಲ್ಲಿ ಏನೋ ಒಂದು ಇಟ್ಟುಕೊಂಡೇ ತಿರುಗುತ್ತಾರಲ್ಲ, ನಿಮ್ಮದನ್ನು ಯಾರು ಕೇಳ್ತಾರೆ ಎಂದು ಮಗಳು ಹೇಳಿದ ಮೇಲೆ ಹಿಯರಿಂಗ್ ಏಡ್‌ಗೆ ಅರ್ಧ ಮನಸ್ಸು ಮಾಡಿದರು.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಅಂಗಡಿಯಲ್ಲಿ ಸಿಗುವ ಇಯರ್‌ಬಡ್ ಹಿಯರಿಂಗ್ ಏಡ್ ಅಲ್ಲ. ಏರ್‌ಪಾಡ್ಸ್‌ನ ಒಂದು ಮಾದರಿಯನ್ನು ಸೌಮ್ಯ ಮತ್ತು ಮಧ್ಯಮ ಮಟ್ಟದ ಶ್ರವಣದೋಷಕ್ಕೆ ಬಳಸಲು ಅಮೆರಿಕದ ಎಫ್‌ಡಿಎ 2024ರಲ್ಲಿ ಅನುಮತಿ ಕೊಟ್ಟದ್ದು ನಿಜ. ಎಲ್ಲ ಬಡ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಮೊದಲು ಕಿವಿಯ ಪರೀಕ್ಷೆ ಆಗಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಣಿಪಾಲದ ವಿಶ್ವವಿದ್ಯಾಲಯದಲ್ಲೂ ವಾಕ್ ಮತ್ತು ಶ್ರವಣ ವಿಭಾಗ ಉಂಟು. ಇಷ್ಟು ಹತ್ತಿರ ಇದ್ದೂ ನಾವು ಹಿರಿಯರ ಕಣ್ಣಿನ ಪೊರೆಗೆ ಹೋದಷ್ಟು ಬೇಗ ಕಿವಿಗೆ ಹೋಗುವುದಿಲ್ಲ.

ಮಕ್ಕಳ ಕಿವಿಯ ಬಗ್ಗೆಯೂ ಹೇಳಬೇಕು. ಜೋರು ಸಂಗೀತವನ್ನು ತುಂಬ ಹೊತ್ತು ಕೇಳುವುದರಿಂದ 12ರಿಂದ 35 ವರ್ಷದೊಳಗಿನ 100 ಕೋಟಿಗೂ ಹೆಚ್ಚು ಜನ ಶ್ರವಣಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಒಳಕಿವಿಯಲ್ಲಿ ಹುಟ್ಟುವಾಗಲೇ ಇರುವ ಸುಮಾರು 15 ಸಾವಿರ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಾಲ್ಯೂಮ್ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಬಾರದು, ಒಂದೇ ಸಮನೆ ಹಾಕಿಕೊಂಡಿರಬಾರದು, ಮಲಗುವಾಗ ತೆಗೆಯಬೇಕು, ರಬ್ಬರನ್ನು ಆಗಾಗ ಒರೆಸಬೇಕು, ಒಬ್ಬರದನ್ನು ಇನ್ನೊಬ್ಬರು ಹಾಕುವಾಗಲಂತೂ ಒರೆಸಲೇಬೇಕು. ಸ್ಕೂಟರಿನಲ್ಲಿ, ರಸ್ತೆ ದಾಟುವಾಗ ಬೇಡವೇ ಬೇಡ. ಪರ್ಕಳದ ಇಳಿಜಾರಿನಲ್ಲಿ ಹಿಂದಿನಿಂದ ಬರುವ ಬಸ್ಸಿನ ಹಾರ್ನ್ ಕೇಳಬೇಕಾದದ್ದು ಕಿವಿಗೆ, ಅಸಿಸ್ಟೆಂಟಿಗಲ್ಲ.

'ಕಾಲ್ ಟೀಚರ್'

ಬಡ್ಸನ್ನು ಎಸೆದುಬಿಡು ಎಂದು ನಾನು ಮಗಳಿಗೆ ಹೇಳಲಿಲ್ಲ. ಅವಳೇ ಎರಡು ದಿನ ಡಬ್ಬಿ ಮುಟ್ಟಲಿಲ್ಲ. ಮೂರನೇ ದಿನ ಉಮ್ಮನ ಪಕ್ಕ ಫೋನ್ ಹಿಡಿದು ಕೂತಳು. ಯಂತ್ರಕ್ಕೆ ಬ್ಯಾರಿ ಕಲಿಸಲು ನಮ್ಮಿಂದಾಗದಿದ್ದರೆ, ಉಮ್ಮನಿಗೆ ಯಂತ್ರದ ಎರಡು ಶಬ್ದ ಕಲಿಸೋಣ ಎಂಬುದು ಅವಳ ಲೆಕ್ಕ. ನನ್ನ ಹೆಸರು ಉಮ್ಮನ ಬಾಯಲ್ಲಿ ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. 'ಮೋಲು' ಎಂದು ಇಟ್ಟರೂ ಆಗಲಿಲ್ಲ. ಕೊನೆಗೆ ನನ್ನ ನಂಬರನ್ನು 'ಟೀಚರ್' ಎಂದು ಸೇವ್ ಮಾಡಿದಳು. ಉಮ್ಮ "ಕಾಲ್ ಟೀಚರ್" ಎಂದರು. ನನ್ನ ಫೋನ್ ಬಡಿಯಿತು. ಎಲ್ಲರೂ ಚಪ್ಪಾಳೆ ಹೊಡೆದೆವು.

"ನನ್ನ ಮಗಳನ್ನು ಕರೆಯಲು ನಾನು ಟೀಚರ್ ಅಂತ ಹೇಳ್ಬೇಕಾ?" ಎಂದು ಉಮ್ಮ ಕೇಳಿದರು. ನಗುತ್ತಲೇ ಕೇಳಿದ್ದು. ಆದರೆ ಮಗಳು ನಗಲಿಲ್ಲ. ಅವತ್ತೇ ರಾತ್ರಿ ಅವಳು ನನ್ನ ಹತ್ತಿರ ಬಂದು, ಯಂತ್ರಕ್ಕೆ ಬೇಕಾದದ್ದು ಮಾತು ತಾನೇ, ಅದನ್ನು ನಾವು ಕೂಡಿಡಬಹುದಲ್ಲ ಎಂದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಸೇರಿ, ಗೂಗಲ್‌ನ ನೆರವಿನಲ್ಲಿ 'ವಾಣಿ' ಎಂಬ ಯೋಜನೆ ನಡೆಸುತ್ತಿವೆ. ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಜನರಿಗೆ ಚಿತ್ರ ತೋರಿಸಿ, ಅದನ್ನು ಅವರವರ ಆಡುಮಾತಿನಲ್ಲೇ ವಿವರಿಸಲು ಹೇಳಿ ದನಿ ಸಂಗ್ರಹಿಸುವ ಕೆಲಸ ಅದು. ಪುಸ್ತಕದ ಭಾಷೆ ಬೇಡ, ಮನೆಯಲ್ಲಿ ಆಡುವ ಹಾಗೆ ಹೇಳಿ ಎಂಬುದೇ ಅದರ ಕ್ರಮ. ನಮ್ಮ ಅಡುಗೆಮನೆಯಲ್ಲೂ ಅದನ್ನು ಮಾಡಬಹುದು ಎಂದು ಅವಳಿಗೆ ಅನ್ನಿಸಿದೆ.

ಆಗ ನನಗೆ ನೆನಪಾದದ್ದು ಉಪ್ಪನ ಟೂ ಇನ್ ವನ್. ಎಂಬತ್ತರ ದಶಕದಲ್ಲಿ ಕಾಗದ ಬರೆಯಲು ಬಾರದ ನಮ್ಮ ಹೆಂಗಸರು ಗಲ್ಫಿನಲ್ಲಿದ್ದ ಗಂಡನಿಗೆ ಕ್ಯಾಸೆಟ್ ಕಳುಹಿಸುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್, ಒಂದೊಂದು ಬದಿಗೆ ಮೂವತ್ತು ನಿಮಿಷ. ಉಮ್ಮ ನಮ್ಮನ್ನೆಲ್ಲ ಹೊರಗೆ ಕಳುಹಿಸಿ, ಬಾಗಿಲು ಹಾಕಿ, ಕೆಂಪು ಬಟನ್ ಒತ್ತಿ ಕೂರುತ್ತಿದ್ದರು. ಯಾರಿಗೆ ಜ್ವರ, ಯಾರ ಮದುವೆ, ತೆಂಗಿನಕಾಯಿಗೆ ಎಷ್ಟು ರೇಟು, ಬಾವಿಯಲ್ಲಿ ಎಷ್ಟು ನೀರು, ಎಲ್ಲ ಬ್ಯಾರಿಯಲ್ಲಿ. ಆಚೆಯಿಂದ ಉಪ್ಪನ ಕ್ಯಾಸೆಟ್ ಬರುತ್ತಿತ್ತು. ಯಂತ್ರಕ್ಕೆ ಇಂದು ಸಿಗದ ಆ ಮನೆಮಾತು ಅಂದು ನಮ್ಮ ಮನೆಯ ಕಪಾಟಿನಲ್ಲಿ ಗಂಟೆಗಟ್ಟಲೆ ಇತ್ತು. ಈಗ ಒಂದೂ ಉಳಿದಿಲ್ಲ. ಕೆಲವದರ ಮೇಲೆ ನಾವೇ ಹಾಡು ರೆಕಾರ್ಡ್ ಮಾಡಿದೆವು. ಉಳಿದದ್ದಕ್ಕೆ ಬೂಷ್ಟು ಹಿಡಿಯಿತು.

ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟು ಉಮ್ಮ ಮಂಚದಲ್ಲಿ ಕೂತಿದ್ದರು. ಮಗಳು ಎದುರು ಕೂತು, ಫೋನಿನ ರೆಕಾರ್ಡರ್ ಒತ್ತಿ, "ಏನಾದರೂ ಹೇಳಿ" ಎಂದಳು. ಉಮ್ಮ ಗಂಟಲು ಸರಿಮಾಡಿಕೊಂಡರು. ತಲೆಯ ಮೇಲೆ ಸೆರಗು ಎಳೆದುಕೊಂಡು ನೆಟ್ಟಗೆ ಕೂತರು. "ಅಸ್ಸಲಾಮು ಅಲೈಕುಂ" ಎಂದು ಶುರು ಮಾಡಿ, ಇಲ್ಲಿ ಎಲ್ಲರೂ ಕ್ಷೇಮ, ನೀವೂ ಕ್ಷೇಮದಲ್ಲಿ ಇದ್ದೀರೆಂದು ನಂಬಿದ್ದೇನೆ ಎಂದು ಬ್ಯಾರಿಯಲ್ಲಿ ಹೇಳಿದರು. ಅದು ಕ್ಯಾಸೆಟಿನ ಮೊದಲ ವಾಕ್ಯ. ಬಾಗಿಲ ಹೊರಗೆ ನಿಂತು ನಾನು ಎಷ್ಟೋ ಸಲ ಕದ್ದು ಕೇಳಿದ್ದೆ.

ಆಮೇಲೆ ಮೂಳೂರಿನ ಮಳೆ, ಬಲೆಗೆ ಬೀಳುತ್ತಿದ್ದ ಮೀನುಗಳ ಹೆಸರು, ಬಾವಿಯ ಹಗ್ಗ, ಮದುವೆಗೆ ಮೊದಲು ಕೈಗೆ ಹಚ್ಚುತ್ತಿದ್ದ ಮದರಂಗಿ, ಒಂದರ ಹಿಂದೆ ಒಂದು ಬಂತು. ನಡುವೆ ಮಗಳು ಎರಡು ಶಬ್ದಕ್ಕೆ "ಹಾಗೆಂದರೆ ಎಂತದು?" ಎಂದು ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ. ಯಂತ್ರಕ್ಕೆ ಗೊತ್ತಿಲ್ಲವೆಂದು ನಗುತ್ತಿದ್ದ ನಮಗೆ, ನಮ್ಮ ಮಕ್ಕಳಿಗೆ ಎಷ್ಟು ಗೊತ್ತು ಎಂಬುದು ಆಗ ತಿಳಿಯಿತು.

ಈಗ ನಮ್ಮ ಮನೆಯಲ್ಲಿ ಬಡ್ಸ್ ಇದ್ದೇ ಇದೆ. ಮನೆಯೊಳಗೆ ಒಂದೇ ಕಿವಿಗೆ, ಇನ್ನೊಂದು ಕಿವಿ ಮನೆಯವರಿಗೆ. ಹೊರಗಿನ ಶಬ್ದ ಒಳಬಿಡುವ ಸೆಟ್ಟಿಂಗ್ ಇದ್ದವರು ಅದನ್ನು ಇಟ್ಟರೆ ಇನ್ನೂ ಒಳ್ಳೆಯದು. ಊಟಕ್ಕೆ ಕೂರುವಾಗ ಡಬ್ಬಿ ಫ್ರಿಜ್ಜಿನ ಮೇಲೆ. ಹಿಂದಿನ ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದೇವೆ, ಕೈ ಹಿಡಿಯಲು ಕಂಬಿ ಹಾಕಿಸಿದ್ದೇವೆ. ಭಾನುವಾರ ಅಸರ್ ನಮಾಝಿನ ನಂತರ ಹತ್ತು ನಿಮಿಷ ಉಮ್ಮನ ರೆಕಾರ್ಡಿಂಗ್. ತಮ್ಮ ಶಾರ್ಜಾದಲ್ಲಿ ಕೆಲಸ ಮುಗಿಸಿ ಬರುವಾಗ ಬಸ್ಸಿನಲ್ಲಿ ಅದನ್ನು ಕೇಳುತ್ತಾನಂತೆ, ಅವನ ಕಿವಿಯಲ್ಲೂ ಅದೇ ಬಿಳಿ ಬಡ್ಸ್.

ನಿಮ್ಮ ಮನೆಯಲ್ಲೂ ಒಬ್ಬರು ಹಿರಿಯರು ಇದ್ದರೆ, ಫೋನ್ ಅವರ ಎದುರಿಟ್ಟು ಹತ್ತು ನಿಮಿಷ ಕೂತು ನೋಡಿ. ಕೇಳಲು ಪ್ರಶ್ನೆ ಹುಡುಕಬೇಕಾಗಿಲ್ಲ, ಅವರು ತಾವಾಗಿ ಹೇಳುತ್ತಾರೆ. ಮುಂದೆ ಯಾವತ್ತಾದರೂ ಯಂತ್ರ ಬ್ಯಾರಿ ಕಲಿಯಲಿ, ಕಲಿಯದಿರಲಿ. ಮೊನ್ನೆ ಉಮ್ಮ ಅಡುಗೆಮನೆಯಿಂದ "ಮೋಲೆ" ಎಂದು ಕರೆದಾಗ ನಾನೂ ನನ್ನ ಮಗಳೂ ಒಟ್ಟಿಗೇ "ಓ" ಎಂದೆವು. ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಲು ಕರೆದದ್ದು, ಅಷ್ಟೇ.